ವೆನಿಸ್: ಮೊದಲ ಭೇಟಿಗೆ ಎರಡು ರಾತ್ರಿ

ಇಟಲಿಯ ಈಶಾನ್ಯಕ್ಕೆ, ಆಡ್ರಿಯಾಟಿಕ್ ಸಮುದ್ರದ ಅಂಚಿನ ಹಿನ್ನೀರಿನಲ್ಲಿ, 118 ಪುಟ್ಟ ದ್ವೀಪಗಳ ಮೇಲೆ ಹರಡಿಕೊಂಡಿರುವ ಊರು ವೆನಿಸ್. ಯುರೋಪ್ ಪ್ರವಾಸಕ್ಕೆ ಹೊರಡುವ ನಮ್ಮವರ ಪಟ್ಟಿಯಲ್ಲಿ ಇದಕ್ಕೆ ಸಾಮಾನ್ಯವಾಗಿ ಸಿಗುವುದು ಅರ್ಧ ದಿನ. ಬೆಳಿಗ್ಗೆ ಬಂದು, ಸಾನ್ ಮಾರ್ಕೊ ಚೌಕದಲ್ಲಿ ಫೋಟೊ ತೆಗೆದು, ಗಾಜಿನ ಕುಲುಮೆಯೊಂದನ್ನು ನೋಡಿ, ಗೊಂಡೋಲಾ ಹತ್ತಿಳಿದು, ಸಂಜೆಗೆ ಮುಂದಿನ ಊರಿಗೆ ಹೊರಟರೆ ಮುಗಿಯಿತು. ಅಷ್ಟು ಹೊತ್ತಿನಲ್ಲಿ ಕಾಣಸಿಗುವುದು ಹೆಚ್ಚಾಗಿ ಜನಜಂಗುಳಿಯೇ. ಹಗಲು ಹತ್ತರಿಂದ ಸಂಜೆ ಐದರವರೆಗಿನ ವೆನಿಸ್ಸೇ ಬೇರೆ, ಉಳಿದ ಹೊತ್ತಿನ ವೆನಿಸ್ಸೇ ಬೇರೆ. ಹಾಗಾಗಿ ಇಲ್ಲಿಗೆ ಹೋಗುವವರು ಯಾವ ಕಟ್ಟಡ ನೋಡುವುದು ಎಂದು ಯೋಚಿಸುವ ಮೊದಲು ರಾತ್ರಿ ಎಲ್ಲಿ ಉಳಿಯುವುದು ಎಂದು ತೀರ್ಮಾನಿಸಬೇಕು. ದ್ವೀಪದ ಊರೊಳಗೇ ಎರಡು ರಾತ್ರಿ ಉಳಿದರೆ ಮೊದಲ ಭೇಟಿಗೆ ಸಾಕು.

ಊರು ನಿಂತ ಬಗೆ

ವೆನಿಸ್ ನೀರಿನ ಮೇಲೆ ತೇಲುತ್ತಿದೆ ಎಂದು ಹೇಳುವುದುಂಟು. ನಿಜಕ್ಕೂ ಅದು ಕೆಸರಿನಲ್ಲಿ ಕಾಲೂರಿ ನಿಂತಿದೆ. ಸುಮಾರು 550 ಚದರ ಕಿಲೋಮೀಟರಿನ ಈ ಉಪ್ಪು ಹಿನ್ನೀರಿನ ತಳವೆಲ್ಲ ಮೆತ್ತನೆ ಮಣ್ಣು. ಅದರೊಳಗೆ ಓಕ್, ಲಾರ್ಚ್, ಆಲ್ಡರ್ ಮರದ ಗೂಟಗಳನ್ನು ಒತ್ತೊತ್ತಾಗಿ ಬಡಿದು, ಮೇಲೆ ಹಲಗೆ ಹಾಸಿ, ಅದರ ಮೇಲೆ ಉಪ್ಪುನೀರಿಗೆ ಜಗ್ಗದ ಇಸ್ಟ್ರಿಯಾದ ಬಿಳಿ ಕಲ್ಲು ಕೂರಿಸಿ, ಆಮೇಲೆ ಇಟ್ಟಿಗೆಯ ಗೋಡೆ ಎಬ್ಬಿಸಿದರು. ಗಾಳಿಯಾಡದ ಕೆಸರಿನಲ್ಲಿ ಮರ ಬೇಗ ಕೊಳೆಯುವುದಿಲ್ಲ. 1588ರಿಂದ 1591ರವರೆಗೆ ಆಂತೋನಿಯೊ ದಾ ಪೊಂತೆ ಕಟ್ಟಿದ ರಿಯಾಲ್ಟೊ ಸೇತುವೆಯ ಕೆಳಗೆ ಸುಮಾರು 12,000 ಗೂಟಗಳಿವೆ ಎನ್ನುತ್ತಾರೆ. 1630ರ ಪ್ಲೇಗ್ ಇಳಿಯಲೆಂದು ಹರಕೆ ಹೊತ್ತು ಕಟ್ಟಿಸಿದ ಸಾಂತಾ ಮರಿಯಾ ದೆಲ್ಲಾ ಸಲೂಟೆ ಚರ್ಚಿನ ಅಡಿಯಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಗೂಟಗಳಿವೆ ಎಂಬುದು ಹಳೆಯ ಲೆಕ್ಕ.

ಸುತ್ತಲೂ ಉಪ್ಪುನೀರಿದ್ದರೆ ಕುಡಿಯುವ ನೀರಿಗೇನು ಮಾಡಿದರು? ಉತ್ತರ ಊರಿನ ಬಹುತೇಕ ಪ್ರತಿಯೊಂದು ಅಂಗಳದಲ್ಲೂ ಇದೆ. ಇಲ್ಲಿ ಅಂಗಳಕ್ಕೆ ಕಾಂಪೊ ಎನ್ನುತ್ತಾರೆ. ಕಾಂಪೊದ ನಡುವೆ ಕೆತ್ತನೆಯ ಕಲ್ಲಿನ ಬಾವಿಕಟ್ಟೆ, ಈಗ ಅದರ ಬಾಯಿಗೆ ಲೋಹದ ಮುಚ್ಚಳ. ಅದನ್ನು ನೋಡಿ ಹಾಗೇ ಮುಂದೆ ಹೋಗದೆ, ಸುತ್ತಲಿನ ನೆಲವನ್ನೂ ಗಮನಿಸಿ. ಚಪ್ಪಡಿಗಳು ಸ್ವಲ್ಪ ಇಳಿಜಾರಾಗಿ, ತೂತು ಕೊರೆದ ಕೆಲವು ಬಿಳಿ ಕಲ್ಲುಗಳ ಕಡೆಗೆ ವಾಲಿರುತ್ತವೆ. ಇದು ಅಂತರ್ಜಲದ ಬಾವಿಯಲ್ಲ, ಮಳೆನೀರಿನ ತೊಟ್ಟಿ. ಇಡೀ ಅಂಗಳವನ್ನು ಅಗೆದು, ಉಪ್ಪುನೀರು ಒಳನುಗ್ಗದಂತೆ ಗುಂಡಿಗೆ ಜೇಡಿಮಣ್ಣು ಮೆತ್ತಿ, ಒಳಗೆ ಮರಳು ತುಂಬಿಸಿ, ನಡುವೆ ಇಟ್ಟಿಗೆಯ ಕೊಳವೆ ಎಬ್ಬಿಸುತ್ತಿದ್ದರು. ಮಳೆನೀರು ತೂತುಗಲ್ಲಿನಿಂದ ಇಳಿದು, ಮರಳಿನಲ್ಲಿ ಸೋಸಿಕೊಂಡು, ಕೊಳವೆಯೊಳಗೆ ಬಂದು ನಿಲ್ಲುತ್ತಿತ್ತು. 1884ರಲ್ಲಿ ನಾಡಿನ ಕಡೆಯಿಂದ ಕೊಳಾಯಿ ನೀರು ಬರುವವರೆಗೂ ಊರಿನ ಬಾಯಾರಿಕೆ ನೀಗಿದ್ದು ಹೀಗೆ. ಯಾವ ಟಿಕೆಟೂ ಬೇಡದ ಈ ಬಾವಿಕಟ್ಟೆಗಳನ್ನು ಅರ್ಥಮಾಡಿಕೊಂಡು ನೋಡಿದರೆ ಊರಿನ ಅರ್ಧ ಕಥೆ ತಿಳಿದಂತೆಯೇ.

ಉಳಿದರ್ಧ ವ್ಯಾಪಾರದ್ದು. ಅಲೆಕ್ಸಾಂಡ್ರಿಯಾದ ಬಂದರಿನಲ್ಲಿ ಪೂರ್ವದ ಮೆಣಸು, ಶುಂಠಿ, ರೇಷ್ಮೆ ಕೊಂಡು ಯುರೋಪಿಗೆಲ್ಲ ಮಾರಿ ಬೆಳೆದ ಗಣರಾಜ್ಯವಿದು. ಜೀವನಪರ್ಯಂತಕ್ಕೆ ಆಯ್ಕೆಯಾಗುತ್ತಿದ್ದ ಅದರ ಮುಖ್ಯಸ್ಥನಿಗೆ ದೋಜೆ ಎಂದು ಹೆಸರು. 1797ರಲ್ಲಿ ನೆಪೋಲಿಯನ್ನನಿಗೆ ಮಣಿದು ಗಣರಾಜ್ಯ ಕೊನೆಗೊಂಡಿತು. 1846ರಲ್ಲಿ ರೈಲಿನ ಸೇತುವೆ, 1933ರಲ್ಲಿ ರಸ್ತೆಯ ಸೇತುವೆ ಬಂದವು. ರೈಲು ಬರುವವರೆಗೆ ದೋಣಿಯ ಹೊರತು ಬೇರೆ ದಾರಿಯೇ ಇರಲಿಲ್ಲ.

ಯಾವ ಕಾಲ ಒಳ್ಳೆಯದು

ಏಪ್ರಿಲ್, ಮೇ ಮತ್ತು ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ನಡುವಿನವರೆಗೆ ಹವೆ ಹಿತವಾಗಿರುತ್ತದೆ. ಜುಲೈ, ಆಗಸ್ಟ್‌ಗಳಲ್ಲಿ ಸೆಕೆ, ಸೊಳ್ಳೆ, ವಿಪರೀತ ಜನ. ಶಾಲೆಗಳ ರಜೆಗೆ ಕಟ್ಟುಬೀಳದವರಿಗೆ ನಾನು ಹೇಳುವುದು ನವೆಂಬರ್ ಅಥವಾ ಕ್ರಿಸ್ಮಸ್ ರಜೆ ಮುಗಿದ ಮೇಲಿನ ಜನವರಿ. ಚಳಿ ಇರುತ್ತದೆ, ಮಂಜು ಕವಿಯುತ್ತದೆ, ಹಗಲು ಚಿಕ್ಕದು. ಆದರೆ ಕೋಣೆಯ ಬಾಡಿಗೆ ಇಳಿದಿರುತ್ತದೆ, ಬೀದಿಗಳಲ್ಲಿ ಊರಿನವರ ಮಾತು ಕಿವಿಗೆ ಬೀಳುತ್ತದೆ. ಫೆಬ್ರವರಿ ಆಸುಪಾಸಿನ ಮುಖವಾಡದ ಕಾರ್ನಿವಲ್ ಮೊದಲ ಭೇಟಿಗೆ ಬೇಡ. ಆಗ ಊರನ್ನು ಹಬ್ಬ ನುಂಗಿಬಿಟ್ಟಿರುತ್ತದೆ.

ಶರತ್ಕಾಲ ಮತ್ತು ಚಳಿಗಾಲದಲ್ಲಿ ಸಮುದ್ರದ ಉಬ್ಬರ ಏರಿ ತಗ್ಗಿನ ಬೀದಿಗಳಿಗೆ ನೀರು ಬರುವುದುಂಟು. ಇದಕ್ಕೆ ಆಕ್ವಾ ಆಲ್ತಾ ಎನ್ನುತ್ತಾರೆ. 1966ರ ನವೆಂಬರ್ 4ರಂದು ನೀರು 194 ಸೆಂಟಿಮೀಟರ್, 2019ರ ನವೆಂಬರ್ 12ರಂದು 187 ಸೆಂಟಿಮೀಟರ್ ಏರಿತ್ತು. 2020ರ ಅಕ್ಟೋಬರ್‌ನಿಂದ ಮೋಸೆ ಎಂಬ ತಡೆಗೋಡೆ ಕೆಲಸ ಮಾಡುತ್ತಿದೆ. ಹಿನ್ನೀರಿಗೆ ಸಮುದ್ರ ಸೇರುವ ಮೂರು ಬಾಯಿಗಳಲ್ಲಿ, ನೀರಿನ ತಳದಲ್ಲಿ ಮಲಗಿರುವ 78 ಉಕ್ಕಿನ ಬಾಗಿಲುಗಳಿವೆ. ದೊಡ್ಡ ಉಬ್ಬರದ ಮುನ್ಸೂಚನೆ ಬಂದಾಗ ಅವುಗಳೊಳಗೆ ಗಾಳಿ ತುಂಬಿ ಮೇಲೆತ್ತುತ್ತಾರೆ. ಹಾಗಾಗಿ ಪ್ರವಾಹದ ಭಯದಿಂದ ನವೆಂಬರನ್ನು ಕೈಬಿಡಬೇಕಾಗಿಲ್ಲ. ಸಣ್ಣ ಉಬ್ಬರಕ್ಕೆ ಬಾಗಿಲು ಏಳುವುದಿಲ್ಲ. ಆಗ ಊರಿನಲ್ಲೇ ಅತಿ ತಗ್ಗಾದ ಸಾನ್ ಮಾರ್ಕೊ ಚೌಕದ ನೆಲದ ತೂತುಗಳಿಂದ ನೀರು ಮೆಲ್ಲಗೆ ಉಕ್ಕುವುದನ್ನು ನೋಡಬಹುದು.

ವೀಸಾ ಮತ್ತು ಪ್ರವೇಶ ಶುಲ್ಕ

ಭಾರತೀಯರಿಗೆ ಶೆಂಗೆನ್ ವೀಸಾ ಬೇಕು. ಹಲವು ದೇಶ ಸುತ್ತುವವರು ಹೆಚ್ಚು ದಿನ ಎಲ್ಲಿ ಉಳಿಯುತ್ತಾರೋ ಆ ದೇಶಕ್ಕೆ ಅರ್ಜಿ ಹಾಕಬೇಕು. ಕನಿಷ್ಠ 30,000 ಯೂರೊ ಮೊತ್ತದ ಪ್ರವಾಸಿ ಆರೋಗ್ಯ ವಿಮೆ ಕಡ್ಡಾಯ. ಪ್ರಯಾಣಕ್ಕೆ ಆರು ತಿಂಗಳ ಮುಂಚಿನಿಂದಲೇ ಅರ್ಜಿ ಹಾಕಲು ಅವಕಾಶವಿದೆ. ಬೇಸಿಗೆಗೆ ಹೋಗುವವರು ಅದನ್ನು ಬಳಸಿಕೊಳ್ಳುವುದೇ ಮೇಲು.

ಹಗಲಿಗಷ್ಟೇ ಬಂದುಹೋಗುವವರ ಮೇಲೆ ವೆನಿಸ್ ನಗರಾಡಳಿತ 2024ರಿಂದ ಪ್ರವೇಶ ಶುಲ್ಕ ಹಾಕಿದೆ. ಏಪ್ರಿಲ್‌ನಿಂದ ಜುಲೈವರೆಗಿನ ಆಯ್ದ ದಿನಗಳಲ್ಲಿ, ಬೆಳಿಗ್ಗೆ 8.30ರಿಂದ ಸಂಜೆ 4ರ ನಡುವೆ ಬರುವವರಿಗೆ ಇದು ಅನ್ವಯ. ಮೊದಲೇ ಕಟ್ಟಿದರೆ 5 ಯೂರೊ. 2025ರಿಂದ, ಕೊನೇ ಗಳಿಗೆಯಲ್ಲಿ ಕಟ್ಟುವವರಿಗೆ 10. ನಗರದ ವ್ಯಾಪ್ತಿಯೊಳಗೆ ರಾತ್ರಿ ತಂಗುವವರಿಗೆ ವಿನಾಯಿತಿ ಇದೆ, ಆದರೆ ಅಂಥವರೂ ನಗರಾಡಳಿತದ ಜಾಲತಾಣದಲ್ಲಿ ವಿನಾಯಿತಿ ಪತ್ರ ಪಡೆದು ಮೊಬೈಲಿನಲ್ಲಿ ಇಟ್ಟುಕೊಂಡಿರಬೇಕು. ನೀವು ಹೋಗುವ ವರ್ಷದ ದಿನಾಂಕಗಳನ್ನು ಅಲ್ಲಿಯೇ ನೋಡಿಕೊಳ್ಳಿ.

ತಲುಪುವುದು, ತಂಗುವುದು

ಬೆಂಗಳೂರಿನಿಂದ ವೆನಿಸ್‌ಗೆ ನೇರ ವಿಮಾನವಿಲ್ಲ. ದುಬೈ ಅಥವಾ ಯುರೋಪಿನ ದೊಡ್ಡ ನಿಲ್ದಾಣವೊಂದರಲ್ಲಿ ಬದಲಿಸಬೇಕು. ರೋಮಿನಿಂದ ವೇಗದ ರೈಲಿನಲ್ಲಿ ಸುಮಾರು ನಾಲ್ಕು ಗಂಟೆ, ಫ್ಲಾರೆನ್ಸಿನಿಂದ ಎರಡು ಗಂಟೆ ಚಿಲ್ಲರೆ. ರೈಲಿನವರು ಗಮನಿಸಬೇಕಾದ ಸಂಗತಿಯೆಂದರೆ, ವೆನಿಸ್ ಹೆಸರಿನ ಮುಖ್ಯ ನಿಲ್ದಾಣಗಳು ಎರಡಿವೆ. ಮೆಸ್ತ್ರೆ ನಾಡಿನ ಬದಿಯದು. ದ್ವೀಪದೊಳಗಿನದು ಸಾಂತಾ ಲೂಚಿಯಾ. ಟಿಕೆಟಿನಲ್ಲಿ ಎರಡನೆಯದೇ ಇರಲಿ. ಮೆಸ್ತ್ರೆ ಬಿಟ್ಟ ಮೇಲೆ ರೈಲು ನೀರಿನ ಮೇಲೆಯೇ ಓಡಿ ನಿಲ್ದಾಣ ಸೇರುತ್ತದೆ. ಹೊರಬಾಗಿಲಿನ ಮೆಟ್ಟಿಲ ಮೇಲೆ ನಿಂತರೆ ಎದುರಿಗೇ ದೊಡ್ಡ ಕಾಲುವೆ.

ಖರ್ಚು ಉಳಿಯುತ್ತದೆಂದು ಹಲವರು ಮೆಸ್ತ್ರೆಯಲ್ಲಿ ಕೋಣೆ ಹಿಡಿಯುತ್ತಾರೆ. ರೈಲು ಹತ್ತು ನಿಮಿಷದ್ದೇ, ನಿಜ. ಆದರೆ ಮೆಸ್ತ್ರೆಯಲ್ಲಿ ಉಳಿದವರು ಕೂಡ ಎಲ್ಲರ ಜೊತೆ ಹಗಲಿಗೆ ಬಂದು ಕತ್ತಲಿಗೆ ಹೋಗುವವರೇ ಆಗುತ್ತಾರೆ. ಹಳೆಯ ಊರಿನಲ್ಲಿ 1951ರಲ್ಲಿ ಸುಮಾರು 1,75,000 ಜನರಿದ್ದರು. ಈಗ 50,000ಕ್ಕೂ ಕಡಿಮೆ. ಆ ಉಳಿದ ಜನರ ದಿನಚರಿ ನಡೆಯುವುದು ಮುಂಜಾನೆ ಮತ್ತು ಸಂಜೆ. ಬೆಳಿಗ್ಗೆ ಆರೂವರೆಗೆ ಕಾಲುವೆಯ ದಂಡೆಯಲ್ಲಿ ನಿಂತರೆ ತರಕಾರಿ, ಹಾಲು, ಸಿಮೆಂಟು, ಹೋಟೆಲಿನ ಬಟ್ಟೆಗಂಟು, ಎಲ್ಲವೂ ದೋಣಿಯಲ್ಲೇ ಬರುವುದು ಕಾಣುತ್ತದೆ. ದೋಣಿಯಿಂದ ಸರಕು ಕೈಗಾಡಿಗೆ ಇಳಿಯುತ್ತದೆ. ಆ ಗಾಡಿಗಳಿಗೆ ಹಿಂದೆ ಎರಡು ದೊಡ್ಡ ಚಕ್ರ, ಮುಂದೆ ಚಾಚಿದ ಎರಡು ಚಿಕ್ಕ ಚಕ್ರ. ಚಿಕ್ಕವನ್ನು ಸೇತುವೆಯ ಮೆಟ್ಟಿಲಿಗೆ ಊರಿ, ದೊಡ್ಡವನ್ನು ಎಳೆದೆತ್ತಿ, ಮೆಟ್ಟಿಲು ಮೆಟ್ಟಿಲಾಗಿ ಹತ್ತಿಸುತ್ತಾರೆ. ಹೋಟೆಲಿನಲ್ಲಿ ತಟ್ಟೆಗೆ ಬರುವ ಒಂದೊಂದು ಟೊಮೆಟೊ ಹಣ್ಣೂ ಹಾಗೆ ಹತ್ತಿ ಇಳಿದು ಬಂದದ್ದು. ಇಲ್ಲಿ ಬೆಲೆ ಯಾಕೆ ಹೆಚ್ಚು ಎಂಬ ಪ್ರಶ್ನೆಗೆ ಅಲ್ಲೇ ಉತ್ತರವಿದೆ.

ಊರಿಗೆ ಆರು ವಿಭಾಗಗಳಿವೆ: ಸಾನ್ ಮಾರ್ಕೊ, ಕಸ್ತೆಲ್ಲೊ, ಕನ್ನರೆಜೊ, ಸಾನ್ ಪೊಲೊ, ದೊರ್ಸೊದುರೊ, ಸಾಂತಾ ಕ್ರೋಚೆ. ಮೊದಲ ಭೇಟಿಗೆ ಕನ್ನರೆಜೊ ಅಥವಾ ದೊರ್ಸೊದುರೊ ಒಳ್ಳೆಯದು. ಕನ್ನರೆಜೊ ರೈಲು ನಿಲ್ದಾಣಕ್ಕೆ ಹತ್ತಿರ, ಅಗಲವಾದ ದಂಡೆಗಳಿವೆ, ಜನವಸತಿ ಇನ್ನೂ ಇದೆ. 1516ರಲ್ಲಿ ಯಹೂದಿಗಳನ್ನು ಕೂಡಿಹಾಕಿದ ಗೆಟ್ಟೊ ಇರುವುದೂ ಅಲ್ಲೇ. ಜಾಗ ಸಾಲದೆ ಮಹಡಿಯ ಮೇಲೆ ಮಹಡಿ ಏರಿಸಿದ ಮನೆಗಳು ಈಗಲೂ ಎದ್ದು ಕಾಣುತ್ತವೆ. ಕೋಣೆ ಕಾದಿರಿಸುವ ಮೊದಲು ದೋಣಿ ನಿಲ್ದಾಣದಿಂದ ಅಲ್ಲಿಗೆ ಎಷ್ಟು ಸೇತುವೆ ದಾಟಬೇಕೆಂದು ನಕ್ಷೆಯಲ್ಲಿ ಎಣಿಸಿ. ವಯಸ್ಸಾದ ಅಪ್ಪ ಅಮ್ಮ ಜೊತೆಗಿದ್ದರೆ ಸೇತುವೆಯೇ ಇಲ್ಲದ ದಾರಿ ಹುಡುಕಿ, ಲಿಫ್ಟ್ ಇದೆಯೇ ಎಂದೂ ಕೇಳಿ. ಹಳೆಯ ಮನೆಗಳಲ್ಲಿ ಹೆಚ್ಚಾಗಿ ಇರುವುದಿಲ್ಲ. ದೊಡ್ಡ ಸೂಟ್‌ಕೇಸು ಇಲ್ಲಿ ಶಿಕ್ಷೆ.

ಊರೊಳಗಿನ ಓಡಾಟ

ಕಾರು, ಬಸ್ಸು, ಸ್ಕೂಟರ್, ಸೈಕಲ್ ಯಾವುದೂ ಇಲ್ಲ. ನಡಿಗೆ, ಇಲ್ಲವೇ ವಾಪೊರೆತ್ತೊ ಎಂಬ ನೀರಿನ ಬಸ್ಸು. ಇತ್ತೀಚಿನ ದರದಂತೆ 75 ನಿಮಿಷದ ಒಂದು ಟಿಕೆಟಿಗೆ 9.50 ಯೂರೊ, 48 ಗಂಟೆಯ ಪಾಸಿಗೆ 35. ಎರಡು ರಾತ್ರಿ ಇರುವವರಿಗೆ ಪಾಸೇ ಲಾಭ. ಹತ್ತುವಾಗ ಪ್ರತಿ ಸಲವೂ ಯಂತ್ರಕ್ಕೆ ಮುಟ್ಟಿಸುವುದನ್ನು ಮರೆತರೆ ದಂಡ. ವಿಮಾನ ನಿಲ್ದಾಣದ ದೋಣಿ ಈ ಪಾಸಿನಲ್ಲಿ ಬರುವುದಿಲ್ಲ.

ಬಂದ ದಿನ ಸಂಜೆ, ಕೋಣೆಗೆ ಸಾಮಾನು ಹಾಕಿ, ರೈಲು ನಿಲ್ದಾಣದ ಬಳಿ 1ನೇ ನಂಬರಿನ ದೋಣಿ ಹತ್ತಿ. ಇದು ದೊಡ್ಡ ಕಾಲುವೆಯ ಎರಡೂ ದಂಡೆಗೆ ತಾಗುತ್ತ, ನಿಧಾನವಾಗಿ, ಸುಮಾರು ಮುಕ್ಕಾಲು ಗಂಟೆಯಲ್ಲಿ ಸಾನ್ ಮಾರ್ಕೊ ತಲುಪುತ್ತದೆ. ಐದಾರು ಶತಮಾನಗಳ ಅರಮನೆಗಳ ಮುಖಗಳೆಲ್ಲ ನೀರಿನ ಕಡೆಗೇ ಇವೆ, ಬೀದಿಯ ಕಡೆಗಿರುವುದು ಹಿತ್ತಿಲು. ಆದ್ದರಿಂದ ಊರನ್ನು ಅದರ ಮುಂಬಾಗಿಲಿನಿಂದ ನೋಡಲು ಇದೇ ದಾರಿ. ಗೊಂಡೋಲಾಕ್ಕೆ ಹಗಲಲ್ಲಿ ಅರ್ಧ ಗಂಟೆಗೆ 90 ಯೂರೊ, ರಾತ್ರಿ 110. ಇದು ಇಡೀ ದೋಣಿಯ ಬಾಡಿಗೆ, ತಲೆಗಿಷ್ಟು ಎಂದಲ್ಲ. ಅಷ್ಟು ಕೊಡಲು ಮನಸ್ಸಿಲ್ಲದವರಿಗೆ ತ್ರಗೆತ್ತೊ ಇದೆ. ಸೇತುವೆ ಇಲ್ಲದ ಕಡೆ ದೊಡ್ಡ ಕಾಲುವೆಯನ್ನು ಅಡ್ಡ ದಾಟಿಸುವ, ಇಬ್ಬರು ಹುಟ್ಟು ಹಾಕುವ ಗೊಂಡೋಲಾ ಅದು, 2 ಯೂರೊ. ಸಾಂತಾ ಸೊಫಿಯಾದಿಂದ ರಿಯಾಲ್ಟೊ ಮಾರುಕಟ್ಟೆಗೆ ಹಾಗೆ ದಾಟಿ. ಅಲ್ಲಿನ ಮೀನಿನ ಮಾರುಕಟ್ಟೆಗೆ ಭಾನುವಾರ, ಸೋಮವಾರ ರಜೆ.

ವಿಳಾಸಗಳಲ್ಲಿ ಬೀದಿಯ ಹೆಸರಿಲ್ಲದೆ, ವಿಭಾಗದ ಹೆಸರು ಮತ್ತು ಸಾವಿರಗಳಲ್ಲಿ ಓಡುವ ಮನೆ ನಂಬರು ಮಾತ್ರ ಇರುತ್ತದೆ. ಕೋಣೆಯವರಿಂದ ಹತ್ತಿರದ ಕಾಂಪೊದ ಹೆಸರು ಕೇಳಿಟ್ಟುಕೊಳ್ಳಿ. ದಾರಿ ತಪ್ಪಿದರೆ ಗೋಡೆಯ ಮೇಲಿನ ಹಳದಿ ಫಲಕಗಳು ರಿಯಾಲ್ಟೊ, ಸಾನ್ ಮಾರ್ಕೊ, ರೈಲು ನಿಲ್ದಾಣಗಳ ಕಡೆ ಬಾಣ ತೋರಿಸುತ್ತವೆ.

ಸಾನ್ ಮಾರ್ಕೊದ ಬೆಳಗು

ಮರುದಿನ ಏಳು ಗಂಟೆಯೊಳಗೆ ಸಾನ್ ಮಾರ್ಕೊ ಚೌಕದಲ್ಲಿರಿ. ಆ ಹೊತ್ತಿಗೆ ಕಸ ಗುಡಿಸುವವರು, ಕೆಲಸಕ್ಕೆ ಹೋಗುವವರು ಬಿಟ್ಟರೆ ಚೌಕ ಖಾಲಿ. ಚೌಕದ ಅಳತೆ, ಕಂಬಸಾಲುಗಳ ಲಯ, ಗಂಟೆ ಗೋಪುರದ ಎತ್ತರ ಆಗ ಮಾತ್ರ ಕಣ್ಣಿಗೆ ದಕ್ಕುತ್ತವೆ. ಈ ಗೋಪುರ 1902ರ ಜುಲೈ 14ರಂದು ಇದ್ದಕ್ಕಿದ್ದಂತೆ ಕುಸಿದುಬಿದ್ದು, 1912ರಲ್ಲಿ ಇದ್ದ ಹಾಗೆಯೇ ಮತ್ತೆ ಎದ್ದುನಿಂತಿತು.

ಚೌಕದ ಅಂಚಿನ ಸಾನ್ ಮಾರ್ಕೊ ಬಸಿಲಿಕಾ ಚರ್ಚಿಗೂ ದೋಜೆಯ ಅರಮನೆಗೂ ಬೆಳಗಿನ ಮೊದಲ ಹೊತ್ತಿನ ಟಿಕೆಟನ್ನು ಮನೆಯಿಂದಲೇ ಕಾದಿರಿಸಿ. ಬಸಿಲಿಕಾದಲ್ಲಿ ಭುಜ, ಮೊಣಕಾಲು ಮುಚ್ಚಿರಬೇಕು, ದೊಡ್ಡ ಚೀಲ ಒಳಗೆ ಬಿಡುವುದಿಲ್ಲ, ಭಾನುವಾರ ಬೆಳಿಗ್ಗೆ ಪ್ರಾರ್ಥನೆಯ ಹೊತ್ತು. ಸಂತ ಮಾರ್ಕನ ಅವಶೇಷಗಳನ್ನು ವೆನಿಸ್ಸಿನ ವರ್ತಕರು 828ರಲ್ಲಿ ಅಲೆಕ್ಸಾಂಡ್ರಿಯಾದಿಂದ ಕದ್ದು ತಂದರೆಂದು ಐತಿಹ್ಯ. ಈಗಿನ ಕಟ್ಟಡ 1063ರಲ್ಲಿ ಆರಂಭವಾದದ್ದು. ಎಲ್ಲರೂ ಕತ್ತೆತ್ತಿ ಚಿನ್ನದ ಮೊಸಾಯಿಕ್ ನೋಡುತ್ತಾರೆ. ಎಂಟು ಸಾವಿರ ಚದರ ಮೀಟರಿಗೂ ಹೆಚ್ಚು ಹರಡಿದೆ, ನೋಡಲೇಬೇಕು. ಕಾಲ ಕೆಳಗೂ ನೋಡಿ. ಬಣ್ಣಬಣ್ಣದ ಅಮೃತಶಿಲೆಯ ತುಂಡುಗಳನ್ನು ಜೋಡಿಸಿದ ನೆಲ ನೂರಾರು ವರ್ಷಗಳಲ್ಲಿ ಅಲ್ಲಲ್ಲಿ ಕುಸಿದು, ಶಾಂತ ಸಮುದ್ರದ ಹಾಗೆ ಏರಿಳಿದಿದೆ. ಮಹಡಿಯ ಮೇಲಿನ ಸಂಗ್ರಹಾಲಯಕ್ಕೆ ಬೇರೆ ಟಿಕೆಟ್ಟು. ನಾಲ್ಕು ಕಂಚಿನ ಕುದುರೆಗಳಿಗಾಗಿ ಅದನ್ನು ಕೊಳ್ಳಬೇಕು. 1204ರ ಧರ್ಮಯುದ್ಧದಲ್ಲಿ ಕಾನ್‌ಸ್ಟಾಂಟಿನೋಪಲ್ ಲೂಟಿ ಮಾಡಿ ತಂದವು ಅವು. 1797ರಲ್ಲಿ ನೆಪೋಲಿಯನ್ ಪ್ಯಾರಿಸ್ಸಿಗೆ ಹೊತ್ತೊಯ್ದ, 1815ರಲ್ಲಿ ಮರಳಿದವು. ಹೊರಗೆ ಕಾಣುವುದು ಪ್ರತಿರೂಪ.

ವಿಜಯನಗರ ಕಂಡವನು, ನಕ್ಷೆ ಬರೆದವನು

ದೋಜೆಯ ಅರಮನೆಯ ಟಿಕೆಟಿನಲ್ಲೇ ಚೌಕದ ಎದುರು ತುದಿಯ ಕೊರ್ರೆರ್ ಸಂಗ್ರಹಾಲಯ ಮತ್ತು ಮಾರ್ಚಿಯಾನಾ ಗ್ರಂಥಾಲಯದ ಹಳೆಯ ಸಭಾಂಗಣಗಳೂ ಸೇರಿವೆ. ಹೆಚ್ಚಿನವರು ದಣಿದು ಬಿಟ್ಟುಬಿಡುತ್ತಾರೆ. ಕನ್ನಡಿಗರು ಬಿಡಬಾರದು.

ಈ ಹಿನ್ನೀರಿನ ದಕ್ಷಿಣ ತುದಿಯ ಕಿಯೊಜ್ಜಾ ಎಂಬ ಊರಿನ ವರ್ತಕ ನಿಕೊಲೊ ಕಾಂಟಿ. ಅವನು ಸುಮಾರು 1420ರಲ್ಲಿ ವಿಜಯನಗರಕ್ಕೆ ಬಂದಿದ್ದ. ಊರಿನ ಸುತ್ತಳತೆ ಅರವತ್ತು ಮೈಲಿ, ಕೋಟೆಗೋಡೆ ಬೆಟ್ಟಗಳವರೆಗೆ ಹಬ್ಬಿದೆ, ಆಯುಧ ಹಿಡಿಯಬಲ್ಲವರು ತೊಂಬತ್ತು ಸಾವಿರ ಎಂದೆಲ್ಲ ಅವನು ಹೇಳಿದ ವಿವರ ನಮ್ಮ ಇತಿಹಾಸದ ಪುಸ್ತಕಗಳಿಗೆ ಬಂದದ್ದು ಪೋಪನ ಕಾರ್ಯದರ್ಶಿ ಪೊಜ್ಜೊ ಬ್ರಾಚ್ಚೊಲಿನಿ ಅದನ್ನು ಬರೆದಿಟ್ಟಿದ್ದರಿಂದ. ಹಂಪಿಯ ಬಗ್ಗೆ ಯುರೋಪಿನವನೊಬ್ಬ ಕೊಟ್ಟ ಮೊದಮೊದಲ ವರದಿ ಅದು. ಅದೇ ಕಾಲಕ್ಕೆ ಸಾನ್ ಮಿಕೆಲೆ ದ್ವೀಪದ ಮಠದಲ್ಲಿ ಫ್ರಾ ಮೌರೊ ಎಂಬ ಸನ್ಯಾಸಿ ಲೋಕದ ನಕ್ಷೆ ಬರೆಯುತ್ತಿದ್ದ. ಕಾಂಟಿ ಹೇಳಿದ ಸುದ್ದಿಗಳು ಅವನಿಗೆ ಒದಗಿದ್ದವು ಎಂಬುದು ವಿದ್ವಾಂಸರ ಅಭಿಪ್ರಾಯ. 1450ರ ಸುಮಾರಿನ ಆ ನಕ್ಷೆ ಮಾರ್ಚಿಯಾನಾ ಗ್ರಂಥಾಲಯದ ಸ್ವತ್ತು. ಸುಮಾರು ಎರಡು ಮೀಟರ್ ಅಡ್ಡಳತೆಯ ವೃತ್ತ, ಅದರ ತುಂಬ ಸುಮಾರು 3,000 ಸಣ್ಣ ಬರಹಗಳು. ದಕ್ಷಿಣ ಮೇಲಕ್ಕಿದೆ, ಹಾಗಾಗಿ ಭಾರತ ಹುಡುಕಲು ಸ್ವಲ್ಪ ಹೊತ್ತು ಬೇಕು. ಭಾರತದ ಕಡೆಯ ಹಡಗೊಂದು 1420ರ ಹೊತ್ತಿಗೆ ಆಫ್ರಿಕಾದ ತುದಿಯನ್ನು ದಾಟಿ ಹೋಗಿತ್ತೆಂದು ಅದರಲ್ಲಿ ಬರೆದಿದೆ. ವಾಸ್ಕೊ ಡ ಗಾಮಾ ಆ ದಾರಿಯಲ್ಲಿ ಕಲ್ಲಿಕೋಟೆ ಮುಟ್ಟಿದ್ದು 1498ರಲ್ಲಿ. ವೆನಿಸ್ಸಿನ ಮೆಣಸಿನ ವ್ಯಾಪಾರಕ್ಕೆ ದೊಡ್ಡ ಪೆಟ್ಟು ಬಿದ್ದದ್ದೂ ಆಗಲೇ. ಎಲ್ಲ ಬರಹ ಓದಲಾಗದಿದ್ದರೂ ಈ ನಕ್ಷೆಯ ಮುಂದೆ ಅರ್ಧ ಗಂಟೆ ನಿಲ್ಲಿ. ತುಂಗಭದ್ರೆಯ ದಡದ ಸುದ್ದಿ ಈ ಚೌಕದವರೆಗೆ ಬಂದಿತ್ತು ಎನ್ನುವುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಸಿಗದು.

ಒಂದು ಮಧ್ಯಾಹ್ನ, ಒಬ್ಬ ಚಿತ್ರಕಾರ

ವೆನಿಸ್ಸಿನ ಚಿತ್ರಕಲೆಗೆ ವಾರವೂ ಸಾಲದು. ಮೊದಲ ಭೇಟಿಗೆ ಒಬ್ಬನನ್ನೇ ಹಿಡಿಯಿರಿ ಎನ್ನುತ್ತೇನೆ: ಟಿಂಟೊರೆಟ್ಟೊ. ಸಾನ್ ರೊಕ್ಕೊ ಸಂಘದ ಕಟ್ಟಡದಲ್ಲಿ ಅವನು 1564ರಿಂದ 1588ರವರೆಗೆ ಅರವತ್ತಕ್ಕೂ ಹೆಚ್ಚು ಚಿತ್ರ ಬರೆದ. ಆ ಕೆಲಸ ಅವನಿಗೆ ಸಿಕ್ಕಿದ ಕಥೆ ಪ್ರಸಿದ್ಧ. ಸ್ಪರ್ಧೆಗೆ ಉಳಿದವರೆಲ್ಲ ಕರಡು ತಂದರೆ, ಇವನು ಪೂರ್ತಿ ಚಿತ್ರವನ್ನೇ ಬರೆದು ಚಾವಣಿಗೆ ಕೂರಿಸಿ, ಸಂತನಿಗೆ ಕಾಣಿಕೆ ಎಂದುಬಿಟ್ಟ. ಮೇಲಿನ ಸಭಾಂಗಣದಲ್ಲಿ ಚಾವಣಿ ನೋಡಲು ಕೈಗನ್ನಡಿ ಇಟ್ಟಿರುತ್ತಾರೆ. ತೆಗೆದುಕೊಂಡು ಅಂಗೈ ಮೇಲೆ ಹಿಡಿದು ನಡೆದರೆ ಕುತ್ತಿಗೆ ನೋಯದೆ ಒಂದೊಂದೇ ಚಿತ್ರ ಕೈಗೆ ಬರುತ್ತದೆ. ಪಕ್ಕದ ಕೋಣೆಯಲ್ಲಿ ಹನ್ನೆರಡು ಮೀಟರ್ ಅಗಲದ ಶಿಲುಬೆಯ ದೃಶ್ಯವಿದೆ. ಹತ್ತಿರದ ಫ್ರಾರಿ ಚರ್ಚಿನಲ್ಲಿ ಇನ್ನೊಬ್ಬ ಚಿತ್ರಕಾರ ಟಿಷಿಯನ್ನನ 1518ರ ಮೇರಿಯ ಸ್ವರ್ಗಾರೋಹಣವನ್ನು ನೋಡಿ ಆ ದಿನಕ್ಕೆ ಕಲೆ ಸಾಕುಮಾಡಿ.

ದ್ವೀಪಗಳಲ್ಲಿ ಆಯ್ಕೆ

ಮುರಾನೊ, ಬುರಾನೊ, ತೊರ್ಚೆಲ್ಲೊ ಮೂರನ್ನೂ ಅರ್ಧ ದಿನದಲ್ಲಿ ಮುಗಿಸುವ ಪ್ಯಾಕೇಜುಗಳು ದಣಿವಿಗಷ್ಟೇ. ಸಮಯ ಕಡಿಮೆಯಿದ್ದರೆ ಫೊಂದಮೆಂತೆ ನೋವೆ ದೋಣಿ ನಿಲ್ದಾಣದಿಂದ ಮುರಾನೊಗೆ ಮಾತ್ರ ಹೋಗಿ. ದಾರಿಯಲ್ಲಿ ಸಿಗುವ ಇಟ್ಟಿಗೆ ಗೋಡೆಯ ದ್ವೀಪವೇ ಸಾನ್ ಮಿಕೆಲೆ, ಫ್ರಾ ಮೌರೊ ಇದ್ದ ಜಾಗ. ಈಗ ಊರಿನ ಸ್ಮಶಾನ. ಬೆಂಕಿಯ ಅಪಾಯಕ್ಕೆ ಹೆದರಿ ಗಾಜಿನ ಕುಲುಮೆಗಳನ್ನು ಮುರಾನೊಗೆ ಕಳಿಸಿದ್ದು 1291ರಲ್ಲಿ. ಪೂರ್ತಿ ದಿನವಿದ್ದರೆ ತೊರ್ಚೆಲ್ಲೊಗೆ ಹೋಗಿ. 639ರಲ್ಲಿ ಸ್ಥಾಪನೆಯಾದ ಅಲ್ಲಿನ ಚರ್ಚಿನ ಪಶ್ಚಿಮ ಗೋಡೆಯ ಅಂತಿಮ ತೀರ್ಪಿನ ಮೊಸಾಯಿಕ್ ಅಷ್ಟು ದೂರದ ದೋಣಿ ಪಯಣಕ್ಕೆ ಯೋಗ್ಯ.

ಊಟ

ಬಾಕರೊ ಎಂಬ ಪುಟ್ಟ ಅಂಗಡಿಗಳಲ್ಲಿ ನಿಂತು ತಿನ್ನುವ ಚಿಕೆತ್ತಿ ಎಂಬ ತುಣುಕು ತಿಂಡಿ ಇಲ್ಲಿನ ರೂಢಿ. ಮೀನು ತಿನ್ನುವವರಿಗೆ ಹಬ್ಬ: ಈರುಳ್ಳಿ, ವಿನೆಗರಿನಲ್ಲಿ ನೆನೆಸಿದ ಬೂತಾಯಿ ಜಾತಿಯ ಮೀನು, ಬೆಣ್ಣೆಯಂತೆ ಅರೆದ ಒಣ ಕಾಡ್. ಸಸ್ಯಾಹಾರಿಗಳು ಎಚ್ಚರವಾಗಿರಬೇಕು. ಬಿಗೊಲಿ ಇನ್ ಸಾಲ್ಸಾ ಎಂಬ ಶ್ಯಾವಿಗೆಯಲ್ಲಿ ಈರುಳ್ಳಿ ಮಾತ್ರ ಕಂಡರೂ ಅದರಲ್ಲಿ ಮೀನು ಕರಗಿರುತ್ತದೆ. ಬಟಾಣಿ ಅನ್ನದಲ್ಲೂ ಹುರುಳಿಕಾಯಿ ಬೀಜದ ಸೂಪಿನಲ್ಲೂ ಹಂದಿಮಾಂಸ ಇರಬಹುದು. ಪಾರ್ಮೆಸಾನ್ ಚೀಸ್ ಮಾಡಲು ಕರುವಿನ ಹೊಟ್ಟೆಯ ಹೆಪ್ಪು ಬಳಸುತ್ತಾರೆ. ಟೊಮೆಟೊ, ಬೆಳ್ಳುಳ್ಳಿಯ ಮರಿನಾರಾ ಪಿಜ್ಜಾದಲ್ಲಿ ಮೀನೂ ಇಲ್ಲ, ಚೀಸೂ ಇಲ್ಲ. ಕಾಫಿಯನ್ನು ಕೌಂಟರಿನಲ್ಲಿ ನಿಂತು ಕುಡಿದರೆ ಒಂದು ಬೆಲೆ, ಕೂತರೆ ಇನ್ನೊಂದು. ಬಾಟಲಿಗೆ ಬೀದಿಯ ನಲ್ಲಿಯ ನೀರು ತುಂಬಿಸಿಕೊಳ್ಳಬಹುದು, ಒಳ್ಳೆಯ ನೀರು. ಸೇತುವೆಯ ಮೆಟ್ಟಿಲ ಮೇಲೆ, ಸಾನ್ ಮಾರ್ಕೊ ಚೌಕದ ನೆಲದ ಮೇಲೆ ಕೂತು ತಿಂದರೆ ದಂಡ ಹಾಕುತ್ತಾರೆ, ಪಾರಿವಾಳಕ್ಕೆ ಕಾಳು ಹಾಕುವುದೂ ನಿಷಿದ್ಧ.

ಹೊರಡುವ ದಿನ

ಬೆಳಗಿನ ತಿಂಡಿಯ ಮೊದಲೇ ಒಂದು ಸುತ್ತು ನಡೆದು ಬನ್ನಿ. ನಕ್ಷೆ ಬೇಡ, ಊರು ಚಿಕ್ಕದು, ಎತ್ತ ಹೋದರೂ ನೀರು ಅಡ್ಡ ಬಂದು ನಿಲ್ಲಿಸುತ್ತದೆ. ಕೋಣೆ ಬಿಟ್ಟ ಮೇಲೆ ಸಾಮಾನನ್ನು ಅಲ್ಲೇ ಅಥವಾ ರೈಲು ನಿಲ್ದಾಣದ ಲಗೇಜು ಕೌಂಟರಿನಲ್ಲಿ ಇಡಬಹುದು. ಮಾರ್ಕೊ ಪೊಲೊ ವಿಮಾನ ನಿಲ್ದಾಣಕ್ಕೆ, ನಾಡಿನ ಬಸ್ಸುಗಳು ಬಂದು ನಿಲ್ಲುವ ಪಿಯಾತ್ಸಾಲೆ ರೋಮಾ ಚೌಕದಿಂದ ಬಸ್ಸಿನಲ್ಲಿ ಸುಮಾರು ಇಪ್ಪತ್ತೈದು ನಿಮಿಷ. ದೋಣಿಯಲ್ಲಾದರೆ ಒಂದು ಗಂಟೆಗೂ ಹೆಚ್ಚು. ಕೋಣೆಯಿಂದ ಪಿಯಾತ್ಸಾಲೆ ರೋಮಾದವರೆಗಿನ ಸೇತುವೆಗಳಿಗೂ ವಾಪೊರೆತ್ತೊ ಕಾಯುವುದಕ್ಕೂ ಬೇರೆಯೇ ಸಮಯ ಇಟ್ಟುಕೊಳ್ಳಿ. ಮಂಜಿನ ತಿಂಗಳಾದರೆ ದೋಣಿಯ ದಾರಿಗಳು ಬದಲಾಗುವುದುಂಟು, ಹಿಂದಿನ ರಾತ್ರಿಯೇ ಕೇಳಿಕೊಳ್ಳುವುದು ಒಳ್ಳೆಯದು.